ಅಮಾಮಿ ಮೊಲ: ಮುಂಗುಸಿ ಹೋದ ಮೇಲೆ ಇನ್ನು ಚಿಂತೆ ಇಲ್ವಾ?

ಮಲೆನಾಡಿಗ: ಜಪಾನಿನ ಅಮಾಮಿ ಓಶಿಮಾ ದ್ವೀಪದಲ್ಲಿ ಈಗ ಒಂದೂ ಮುಂಗುಸಿ ಇಲ್ಲ ಅಂತ 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಘೋಷಿಸಿತು. ಮುಂಗುಸಿ ಅಲ್ಲಿಗೆ ಹೋಗಿದ್ದು ಹೇಗೆ? ಅಲ್ಲಿನ ಕಪ್ಪು ಮೊಲ ಇನ್ನು ಬಚಾವಾ?

ಕಾಡುಹಾದಿ: ಜನರೇ ತಂದು ಬಿಟ್ಟಿದ್ದು ಸ್ವಾಮಿ. ಹಾಬು ಅನ್ನೋ ವಿಷದ ಹಾವನ್ನು ತಿನ್ನಲಿ ಅಂತ 1979ರಲ್ಲಿ ಸುಮಾರು 30 ಮುಂಗುಸಿ ಬಿಟ್ಟರು. ಹಾವು ಓಡಾಡುವುದು ರಾತ್ರಿ, ಮುಂಗುಸಿ ಹಗಲು, ಇನ್ನು ಎರಡೂ ಎದುರಾಗೋದು ಯಾವಾಗ? ಇಂಥ ಬೇಟೆಗಾರ ಪ್ರಾಣಿಯನ್ನೇ ಕಂಡಿರದ ಮೊಲಗಳು ಸುಮ್ನೆ ಬಲಿಯಾದವು. 2000ದ ಹೊತ್ತಿಗೆ ಮುಂಗುಸಿಗಳು 10,000ದಷ್ಟಾಗಿದ್ದವು.

ಗುಬ್ಬಿ: ಮತ್ತೆ ಅಷ್ಟನ್ನೂ ಹಿಡಿದರಾ?!

ಕಾಡುಹಾದಿ: ಹೂಂ. 2005ರಲ್ಲಿ ಅದಕ್ಕೆಂದೇ ಒಂದು ತಂಡ ಕಟ್ಟಿದರು. ಕಾಡಿನ ತುಂಬಾ ಬೋನು ಇಟ್ಟು, ವಾಸನೆ ಹಿಡಿಯುವ ನಾಯಿಗಳನ್ನು ಬಿಟ್ಟು ಹುಡುಕಿದರು. ಕೊನೆಯದು ಸಿಕ್ಕಿದ್ದು 2018ರಲ್ಲಿ. ಆಮೇಲೂ ವರ್ಷಗಟ್ಟಲೆ ಕಾದು ನೋಡಿಯೇ ಘೋಷಿಸಿದ್ದು, ಆ ತಾಳ್ಮೆ ನನಗೆ ಇಷ್ಟವಾಯಿತು.

ಸಂಜೆಮಲ್ಲಿಗೆ: ಮೊಲ ಜಾಸ್ತಿ ಆಗುತ್ತಿರುವುದು ನಿಜ, ಆದರೆ ಪೂರ್ತಿ ಬಚಾವಾಗಿಲ್ಲ. ಕಾಡು ಸೇರಿದ ಬೆಕ್ಕುಗಳು ಇನ್ನೂ ಹಿಡಿಯುತ್ತವೆ. ಮೊಲಗಳು ರಾತ್ರಿ ರಸ್ತೆಗೆ ಬಂದು ಕಾರಿಗೂ ಸಿಗುತ್ತವೆ. ಮುಂಗುಸಿಗೆ ಬೋನು ಇಟ್ಟ ಹಾಗೆ ಬೆಕ್ಕಿಗೆ ಇಡೋಕೆ ಹೋದರೆ ಜನ ಸುಮ್ಮನಿರುತ್ತಾರಾ?