ಹಸಿರು ದೀಪ ಆರುವುದರೊಳಗೆ ದಾಟಲಾಗದಿದ್ದರೆ ಹೊಣೆ ಯಾರದು?

ಪ್ರಶ್ನೆ: ಬೆಂಗಳೂರಿನ ಹೊರ ವರ್ತುಲ ರಸ್ತೆಯ ಒಂದು ಸಿಗ್ನಲ್‌ನಲ್ಲಿ ಪಾದಚಾರಿಗಳ ಹಸಿರು ದೀಪ 15 ಸೆಕೆಂಡಿಗೇ ಆರಿಹೋಗುತ್ತದೆ. ಮಂಡಿನೋವಿರುವ ನಮ್ಮ ತಾಯಿಯವರು ತರಕಾರಿ ಚೀಲ ಹಿಡಿದು ಡಿವೈಡರ್ ತಲುಪುವಷ್ಟರಲ್ಲಿ ಬೈಕುಗಳು ಜೀಬ್ರಾ ಪಟ್ಟೆಯ ಮೇಲೆಯೇ ನುಗ್ಗಿರುತ್ತವೆ. "ನೋಡಿಕೊಂಡು ದಾಟಬಾರದೇ" ಎಂಬ ಬೈಗುಳವೂ ಅವರಿಗೇ. ಇದರಲ್ಲಿ ನಡೆಯುವವರ ಹೊಣೆ ಎಷ್ಟು?

ಉತ್ತರ 1: ಬೈಯುವ ಹಕ್ಕು ಸವಾರರಿಗಿಲ್ಲ. 2017ರ ಚಾಲನಾ ನಿಯಮಗಳ ಪ್ರಕಾರ, ಸಿಗ್ನಲ್ಲೇ ಇಲ್ಲದ ಜೀಬ್ರಾ ಪಟ್ಟೆಯಲ್ಲೂ ಚಾಲಕರು ವೇಗ ತಗ್ಗಿಸಿ ಪಾದಚಾರಿಗೆ ದಾರಿ ಬಿಡಬೇಕು. ಕೆಂಪು ದೀಪ ದಾಟುವುದನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ಅಪಾಯಕಾರಿ ಚಾಲನೆ ಎಂದೇ ಪರಿಗಣಿಸಿದೆ.

ಉತ್ತರ 2: ಲೆಕ್ಕವನ್ನೂ ನೋಡೋಣ. ಸಿಗ್ನಲ್ ಸಮಯ ನಿಗದಿಪಡಿಸುವಾಗ ನಡಿಗೆಯ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ರಸ್ತೆ 24 ಮೀಟರ್ ಅಗಲವಿದ್ದರೆ ಗಟ್ಟಿಮುಟ್ಟಾದವರಿಗೇ 20 ಸೆಕೆಂಡು ಬೇಕಾಗುವಾಗ, ಮಂಡಿನೋವಿನವರು 15ರಲ್ಲಿ ದಾಟಲಿಲ್ಲವೆಂದು ದೂರುವುದು ಹೇಗೆ?

ಉತ್ತರ 3: ಒಪ್ಪಿದೆ, ಆದರೆ ನಮ್ಮ ಪಾಲೂ ಇದೆ. ನಿಂತ ಬಸ್ಸಿನ ಮುಂದಿನಿಂದ, ಫೋನ್ ಕಿವಿಗಿಟ್ಟುಕೊಂಡು, ಪಕ್ಕದ ಸಾಲಿನತ್ತ ಇಣುಕದೆ ರಸ್ತೆಗಿಳಿಯುವವರನ್ನು ದಿನವೂ ಕಾಣುತ್ತೇನೆ (ಒಮ್ಮೆ ನಾನೇ ಹಾಗೆ ಇಳಿದಿದ್ದೆ). ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಬಂದಿರುತ್ತದೆ. ಚಾಲಕ ಬ್ರೇಕ್ ಮುಟ್ಟುವುದಕ್ಕೇ ಅಷ್ಟು ಹೊತ್ತು ಹಿಡಿಯಬಹುದು. ತಾಯಿಯವರು ಅರ್ಧ ದಾಟಿ ಡಿವೈಡರ್ ಮೇಲೆಯೇ ಮುಂದಿನ ಹಸಿರಿಗೆ ಕಾಯಲಿ.

ಪ್ರಶ್ನೆ ಕೇಳಿದವರು: ಡಿವೈಡರ್ ಒಂದು ಅಡಿ ಅಗಲವಷ್ಟೇ ಇದೆ, ಅಲ್ಲಿ ಚೀಲ ಇಡಲೂ ಜಾಗವಿಲ್ಲ. ರಸ್ತೆಯ ಅಗಲ ಅಳೆದು ಸಂಚಾರ ಪೊಲೀಸರಿಗೆ ಅರ್ಜಿ ಬರೆಯುತ್ತೇನೆ.