ಒಂದೇ ಮನೆಗೆ ಎರಡು ಐಪಿ (ಇಂಟರ್ನೆಟ್ ವಿಳಾಸ) ತಗೊಂಡವರು ಯಾರಾದ್ರೂ ಇದ್ದೀರಾ?

ಮೂಡಿಗೆರೆಯಿಂದ: ಮೇಲೆ ಹೋಂಸ್ಟೇ, ಕೆಳಗೆ ನಾವು, ಫೈಬರ್ ಲೈನ್ ಒಂದೇ. ಕಣದಲ್ಲಿ ಕಾಫಿ ಚೆರಿ ಒಣಗ್ತಾ ಇದೆ. ಕಣದ ಕ್ಯಾಮೆರಾನ ಮಗಳು ಬೆಂಗಳೂರಿಂದ ನೋಡ್ಬೇಕು. ಕ್ಯಾಮೆರಾ ರೆಕಾರ್ಡ್ ಮಾಡೋ ಡಿವಿಆರ್‌ಗೆ ಪೋರ್ಟ್ ಫಾರ್ವರ್ಡ್ ಮಾಡಿದ್ರೂ, ಅಂದ್ರೆ ಹೊರಗಿಂದ ಬಂದಿದ್ದನ್ನ ಡಿವಿಆರ್‌ಗೆ ದಾಟಿಸು ಅಂತ ರೌಟರ್‌ಗೆ ಹೇಳಿದ್ರೂ, ಹೊರಗಿಂದ ತೆರೆಯಲ್ಲ. ಲೈನ್‌ನವರು ‘ಎರಡು ಐಪಿ ತಗೊಳ್ಳಿ, ಮನೆಗೊಂದು, ಡಿವಿಆರ್‌ಗೊಂದು’ ಅಂತಾರೆ. ಎರಡಕ್ಕೂ ಬೇರೆ ಬೇರೆ ಬಾಡಿಗೆ. ತಗೊಳ್ಳೋದಾ?

ಸಕಲೇಶಪುರದಿಂದ: ಎರಡರ ಮಾತು ಆಮೇಲೆ, ಈಗಿರೋ ಒಂದು ನಿಮ್ದೇನಾ ನೋಡಿ ಮೊದ್ಲು. ರೌಟರ್ ಸೆಟ್ಟಿಂಗ್ ಒಳಗೆ ಹೋದ್ರೆ ವ್ಯಾನ್ ಐಪಿ ಅಂತ ಕಾಣುತ್ತೆ, ಲೈನ್‌ನವರು ರೌಟರ್‌ಗೆ ಕೊಟ್ಟ ವಿಳಾಸ. ನನ್ನದು 100.72 ಅಂತ ಶುರುವಾಗ್ತಿತ್ತು. 100.64ರಿಂದ 100.127ರವರೆಗಿನ ಸಾಲನ್ನ 2012ರಲ್ಲಿ ಸಿಜಿನ್ಯಾಟ್‌ಗೆ ಅಂತಲೇ ಮೀಸಲಿಟ್ಟಿದ್ದಾರೆ. ಸಿಜಿನ್ಯಾಟ್ ಅಂದ್ರೆ ಹೊರಗೆ ಕಾಣೋ ಪಬ್ಲಿಕ್ ಐಪಿ ಒಂದು, ಅದರ ಹಿಂದೆ ಎಷ್ಟೋ ಮನೆ. ನೀವು ಮನೆ ಬಾಗಿಲು ತೆಗೆದಿಟ್ರೆ ಏನು ಬಂತು, ಗೇಟಿನ ಬೀಗ ಲೈನ್‌ನವರ ಹತ್ರ! 10ರಿಂದ ಶುರುವಾದ್ರೂ ಇದೇ ಕಥೆ. ಇದು ತಿಳೀದೆ ನಾನು ಮೂರು ಭಾನುವಾರ ರೌಟರ್ ಮುಂದೆ ಕೂತಿದ್ದೆ. ಬದಲಾಗೋ ಐಪಿಗೆ ಒಂದೇ ಹೆಸರು ಕೊಡೋ ಡೈನಾಮಿಕ್ ಡಿಎನ್‌ಎಸ್‌ಗೆ ದುಡ್ಡೂ ಕಟ್ಟಿದೆ, ದಂಡ. ಲೈನ್‌ನವರನ್ನೂ ಪೂರ್ತಿ ಬೈಯೋ ಹಾಗಿಲ್ಲ ಅನ್ನಿ. ಐಪಿವಿ4 ಅನ್ನೋ ಹಳೇ ವಿಳಾಸ ಪದ್ಧತೀಲಿ ಇರೋದೇ ಸುಮಾರು 429 ಕೋಟಿ ವಿಳಾಸ, ಏಷ್ಯಾ-ಪೆಸಿಫಿಕ್ ಪಾಲು 2011ರ ಏಪ್ರಿಲ್‌ಗೇ ತಳ ಕಂಡಿತ್ತು. ಕೊನೆಗೆ ಒಂದು ಸ್ಟ್ಯಾಟಿಕ್ ಐಪಿ (ನಮಗೇ ಅಂತ ಕೊಡೋ, ಬದಲಾಗದ ಪಬ್ಲಿಕ್ ಐಪಿ) ತಗೊಂಡೆ. ಅದರಲ್ಲೇ ಡಿವಿಆರ್‌ಗೊಂದು ಪೋರ್ಟ್, ಮನೆ ಕಂಪ್ಯೂಟರ್‌ಗೊಂದು ಪೋರ್ಟ್. ಎರಡನೇ ಐಪಿ ಇಟ್ಕೊಂಡು ಏನ್ಮಾಡ್ತೀರಿ?

ಹಾಸನದಿಂದ: ಆಫೀಸಿಗೆ ನಾವು 8 ಐಪಿಯ ಬ್ಲಾಕ್ ತಗೊಂಡಿದ್ವಿ ಸಾರ್. ಮೊದಲ್ನೇದು, ಕೊನೇದು ಬಳಸೋ ಹಾಗಿಲ್ಲ, ಇನ್ನೊಂದು ಅವರ ಗೇಟ್‌ವೇಗೆ. ಕೈಗೆ ಸಿಕ್ಕಿದ್ದು 5. ಮೇಲ್ ಸರ್ವರ್‌ಗೂ, ಹೊರಗಿಂದ ಆಫೀಸ್ ನೆಟ್‌ವರ್ಕಿಗೆ ಸೇರೋ ವಿಪಿಎನ್‌ಗೂ 443ನೇ ಪೋರ್ಟೇ ಬೇಕಿತ್ತು, ಒಂದೇ ಐಪಿಲಿ ಅದನ್ನ ಎರಡಕ್ಕೂ ಫಾರ್ವರ್ಡ್ ಮಾಡೋಕಾಗಲ್ಲ, ಅದಕ್ಕೆ. ಕಣ ಕಾಯೋಕೆ ಅಷ್ಟೆಲ್ಲ ಬೇಡ. ಆದ್ರೆ ಹೋಂಸ್ಟೇ ಅಂದ್ರಲ್ಲ, ಗೆಸ್ಟ್ ಯಾರಾದ್ರೂ ನಿಮ್ಮ ವೈಫೈಲಿ ಎಡವಟ್ಟು ಮಾಡಿದ್ರೆ ಲಾಗ್‌ನಲ್ಲಿ ಕಾಣೋದು ನಿಮ್ಮ ಐಪಿ. ನಾನಾಗಿದ್ರೆ ಎರಡನೇ ಐಪಿ ಬಾಡಿಗೆ ಬದಲು ಗೆಸ್ಟ್‌ಗಳಿಗೆ ಬೇರೆ ಕನೆಕ್ಷನ್ನೇ ಹಾಕಿಸ್ತಿದ್ದೆ.

ಕೊಪ್ಪದಿಂದ: ಐಪಿವಿ6, ಅಂದ್ರೆ ಹೊಸ ವಿಳಾಸ ಪದ್ಧತಿ, ಕೊಡ್ತಾರಾ ಕೇಳಿ ಮಾರಾಯ್ರೆ. ನನಗೆ ಪುಕ್ಕಟೆ ಸಿಕ್ಕಿದ್ದು ಸ್ಲ್ಯಾಷ್ 56, ಅಂದ್ರೆ 256 ನೆಟ್‌ವರ್ಕ್. ಫೋನಿಗೊಂದು, ಟಿವಿಗೊಂದು ಪಬ್ಲಿಕ್ ಐಪಿ, ಎಣಿಸಿ ಮುಗಿಯಲ್ಲ. ಫಾರ್ವರ್ಡಿಂಗ್ ಬೇಡ, ಹೊರಗಿನವರನ್ನ ತಡೆಯೋ ರೌಟರ್ ಫೈರ್‌ವಾಲ್‌ನಲ್ಲಿ ಡಿವಿಆರ್ ವಿಳಾಸಕ್ಕೆ ಮಾತ್ರ ಬಿಡೋ ಹಾಗೆ ಒಂದು ರೂಲ್. ಇಡೀ ಫೈರ್‌ವಾಲ್ ಆಫ್ ಮಾಡ್ಬೇಡಿ ಮತ್ತೆ. ಹಳೇ ಡಿವಿಆರ್ ಆದ್ರೆ ಐಪಿವಿ6 ಅದಕ್ಕೆ ತಿಳಿಯಲ್ಲ, ಮಗಳ ಕಡೆಯ ಲೈನಲ್ಲೂ ಐಪಿವಿ6 ಇರ್ಬೇಕು.

ಸಕಲೇಶಪುರದಿಂದ: ಹೊರಗೆ ತೆರೆಯೋ ಮುಂಚೆ ಡಿವಿಆರ್ ಪಾಸ್‌ವರ್ಡ್ ನೋಡ್ಕೊಳ್ಳಿ. ಕೆಲವರು ಹಾಕಿಕೊಟ್ಟು ಹೋದದ್ದನ್ನೇ ಇಟ್ಕೊಂಡಿರ್ತಾರೆ.

ಮೂಡಿಗೆರೆಯಿಂದ: ನೋಡಿದೆ, 100.91. ಡಿವಿಆರ್ ಹಳೇದು, ಐಪಿವಿ6 ಆಗಲ್ಲ. ಒಂದೇ ಸ್ಟ್ಯಾಟಿಕ್ ಸಾಕು ಅಂತ ಲೈನ್‌ನವರಿಗೆ ಹೇಳಿದೆ, ಮುಖ ಸಣ್ಣದಾಯ್ತು. ಪಾಸ್‌ವರ್ಡ್ 123456ನೇ ಇತ್ತು ಮಾರಾಯ್ರೆ. ಬದಲಾಯಿಸೋಣ ಅಂತ ಕೂತೆ, ಕರೆಂಟ್ ಹೋಯ್ತು.