ಮೂರು ಮಾನಿಟರ್‌ನಲ್ಲಿ ಗೇಮ್ ಆಡಲು ಯಾವ ಗ್ರಾಫಿಕ್ಸ್ ಕಾರ್ಡ್? ಪಿಸಿ ಜೋಡಿಸುವವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹುಬ್ಬಳ್ಳಿಯಿಂದ): ನಮಸ್ಕಾರ ಸರ್. ನಾನು ಯೂರೋ ಟ್ರಕ್ ಸಿಮ್ಯುಲೇಟರ್ 2 ಮತ್ತು ಅಸೆಟ್ಟೊ ಕೊರ್ಸಾ ಆಡುತ್ತೇನೆ. ಸ್ಟೀರಿಂಗ್ ವೀಲ್ ಇದೆ. 24 ಇಂಚಿನ 1080ಪಿ, 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಒಂದಿದೆ, ಅಂಥದ್ದೇ ಇನ್ನೆರಡು ತಗೊಂಡು ಮೂರರಲ್ಲೂ ಆಡಬೇಕು ಅಂತ ಆಸೆ. ಈಗಿನ ಕಾರ್ಡ್ ಜಿಟಿಎಕ್ಸ್ 1650, ಪ್ರೊಸೆಸರ್ ರೈಜೆನ್ 5 5600, ಮದರ್‌ಬೋರ್ಡ್ ಬಿ450. ಪರಿಚಯದವರೊಬ್ಬರು ಎರಡು ಹಳೇ ಕಾರ್ಡ್ ಹಾಕಿ ಎಸ್‌ಎಲ್‌ಐ (ಎರಡನ್ನೂ ಜೋಡಿಸಿ ಒಂದರಂತೆ ಓಡಿಸುವುದು) ಮಾಡು, ಅಗ್ಗ ಆಗುತ್ತೆ ಅಂದರು. ಮಾಡಬಹುದಾ?

ಉತ್ತರ: ನಮಸ್ಕಾರ. ದಯವಿಟ್ಟು ಎರಡು ಕಾರ್ಡ್ ತಗೋಬೇಡಿ. ಆ ಸಲಹೆಗೆ ಒಂದು ಕಾಲದಲ್ಲಿ ಅರ್ಥ ಇತ್ತು. 2010ರಲ್ಲಿ ಮೂರು ಪರದೆಯನ್ನು ಒಂದಾಗಿ ಸೇರಿಸುವ ಎನ್ವಿಡಿಯಾ ಸರೌಂಡ್ ಬಂದಾಗ ಮೂರು ಪರದೆಗೆ ಸಾಮಾನ್ಯವಾಗಿ ಎರಡು ಕಾರ್ಡ್ ಬೇಕಿತ್ತು. 2012ರ ಜಿಟಿಎಕ್ಸ್ 680 ಒಂದೇ ಆ ಕೆಲಸ ಮಾಡಿತು. ಎಎಂಡಿಯ ಅಂಥದ್ದೇ ಸೌಲಭ್ಯ ಐಫಿನಿಟಿಯಂತೂ 2009ರಿಂದಲೇ ಒಂದೇ ಕಾರ್ಡ್‌ನಲ್ಲಿ ನಡೆಯುತ್ತಿತ್ತು. 2021ರ ಜನವರಿಯಿಂದ ಎನ್ವಿಡಿಯಾ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಗೇಮ್ ಎರಡು ಕಾರ್ಡ್ ಬಳಸಲು ಬೇಕಾದ ಸೆಟ್ಟಿಂಗ್) ಕೊಡುವುದನ್ನೇ ನಿಲ್ಲಿಸಿದೆ. ಬಿ450 ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಎಸ್‌ಎಲ್‌ಐ ಸೌಲಭ್ಯವೂ ಇರುವುದಿಲ್ಲ. ಇನ್ನೊಂದು ವಿಷಯ, 8 ಜಿಬಿ ಮೆಮೊರಿಯ ಎರಡು ಕಾರ್ಡ್ ಹಾಕಿದರೆ 16 ಜಿಬಿ ಆಗುವುದಿಲ್ಲ. ಎರಡೂ ಕಾರ್ಡ್ ಅದೇ ಡೇಟಾವನ್ನು ತಮ್ಮ ತಮ್ಮ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ.

ಮಾನಿಟರ್ ಎಷ್ಟಿವೆ ಅನ್ನುವುದಕ್ಕಿಂತ ಗೇಮ್ ಎಷ್ಟು ಪಿಕ್ಸೆಲ್ ಬಿಡಿಸಬೇಕು ಅಂತ ನೋಡಿ. ಒಂದು 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. ಮೂರು ಸೇರಿದರೆ 62 ಲಕ್ಷ. ಒಂದು 1440ಪಿ ಪರದೆಗೆ ಸುಮಾರು 37 ಲಕ್ಷ, 4ಕೆಗೆ 83 ಲಕ್ಷ. ಅಂದರೆ ನಿಮ್ಮ ಮೂರು ಪರದೆ 4ಕೆಯ ಮುಕ್ಕಾಲು ಭಾಗ. ಹಾಗಾಗಿ ರಿವ್ಯೂ ನೋಡುವಾಗ 1080ಪಿ ಅಂಕಿ ಬಿಟ್ಟುಬಿಡಿ. 1440ಪಿ ಮತ್ತು 4ಕೆ ಅಂಕಿಗಳನ್ನು ನೋಡಿ, ನಿಮಗೆ ಸಿಗುವ ಎಫ್‌ಪಿಎಸ್ (ಗೇಮ್ ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆ) ಅವೆರಡರ ನಡುವೆ ಎಲ್ಲೋ ಇರುತ್ತದೆ.

ಆದರೆ ರೇಸಿಂಗ್ ಆಟಗಳಲ್ಲಿ ಇನ್ನೊಂದು ಹೊರೆ ಇದೆ. ಮೂರೂ ಪರದೆಗೆ ಸೇರಿಸಿ ಒಂದೇ ಕ್ಯಾಮೆರಾದಿಂದ ಚಿತ್ರ ಬಿಡಿಸಿದರೆ ಪಕ್ಕದ ಪರದೆಗಳಲ್ಲಿ ಎಲ್ಲವೂ ಅಡ್ಡಕ್ಕೆ ಎಳೆದ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಬರುವ ಕಾರು ಎಷ್ಟು ಹತ್ತಿರ ಇದೆ ಅಂತಲೇ ಗೊತ್ತಾಗುವುದಿಲ್ಲ. ಅಸೆಟ್ಟೊ ಕೊರ್ಸಾ, ಐರೇಸಿಂಗ್, ಯೂರೋ ಟ್ರಕ್ ಇವೆಲ್ಲ ಪರದೆಗೊಂದು ಕ್ಯಾಮೆರಾ ಇಟ್ಟು ಬಿಡಿಸಬಲ್ಲವು. ಪರದೆಗಳ ಕೋನ ಮತ್ತು ನೀವು ಕೂರುವ ದೂರವನ್ನು ಟೇಪ್ ಹಿಡಿದು ಅಳೆದು ಸೆಟ್ಟಿಂಗ್‌ನಲ್ಲಿ ಹಾಕಬೇಕು. ಆಗಲೇ ಮೂರು ಪರದೆಯ ನಿಜವಾದ ಸುಖ. ಆದರೆ ದೃಶ್ಯವನ್ನು ಮೂರು ಸಲ ಸಿದ್ಧಮಾಡಬೇಕಾದ್ದರಿಂದ ಪ್ರೊಸೆಸರ್ ಮೇಲೂ ಭಾರ ಬೀಳುತ್ತದೆ. ಕನ್ನಡಿಗಳ ಗುಣಮಟ್ಟ, ನೆರಳು, ಎದುರಾಳಿ ಕಾರುಗಳ ಸಂಖ್ಯೆ ಕಡಿಮೆ ಮಾಡಿದರೆ ತುಂಬಾ ಹಗುರ ಆಗುತ್ತದೆ. ನಿಮ್ಮ 5600 ಈ ಎರಡು ಆಟಕ್ಕೆ ಸಾಕು. ಮೊದಲು ಕಾರ್ಡ್ ಬದಲಿಸಿ.

ನನ್ನ ಆಯ್ಕೆ ಆರ್‌ಟಿಎಕ್ಸ್ 5060 ಟಿಐ, 16 ಜಿಬಿಯದ್ದು. ಅದೇ ಹೆಸರಲ್ಲಿ 8 ಜಿಬಿಯದ್ದೂ ಬರುತ್ತದೆ, ಅದು ಬೇಡ. ಡಬ್ಬಿ ನೋಡಿಯೇ ದುಡ್ಡು ಕೊಡಿ. ಎದುರಿಗೆ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಇದೆ, ಒಳ್ಳೆಯ ಕಾರ್ಡ್. ನಿಮ್ಮ ಬೋರ್ಡ್‌ಗೆ ಒಂದು ಲೆಕ್ಕದಲ್ಲಿ ಅದೇ ಹೆಚ್ಚು ಹೊಂದುತ್ತದೆ. ಕಾರ್ಡ್ ಮತ್ತು ಬೋರ್ಡ್ ನಡುವೆ ಡೇಟಾ ಓಡುವ ದಾರಿ ಪಿಸಿಐಇ, ಬಿ450ಯಲ್ಲಿ ಇರುವುದು ಅದರ ಹಳೆಯ 3.0. ಆ ದಾರಿಯಲ್ಲಿ 5060 ಟಿಐ ಎಂಟೇ ಲೇನ್ ಬಳಸುತ್ತದೆ, 9060 ಎಕ್ಸ್‌ಟಿ ಹದಿನಾರನ್ನೂ ಬಳಸುತ್ತದೆ. ಕಾರ್ಡ್‌ನ ಮೆಮೊರಿ ತುಂಬಿ ಹರಿದಾಗ ಲೇನ್ ಕಡಿಮೆ ಇರುವುದರ ಪೆಟ್ಟು ಜೋರು. 16 ಜಿಬಿ ಇದ್ದರೆ ಆ ಪರಿಸ್ಥಿತಿಯೇ ಅಪರೂಪ.

ಹಾಗಾದರೆ ಎನ್ವಿಡಿಯಾ ಯಾಕೆ? ಮಾನಿಟರ್ ಕೇಬಲ್ ಸಿಕ್ಕಿಸುವ ಪೋರ್ಟ್‌ಗಾಗಿ. 9060 ಎಕ್ಸ್‌ಟಿ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಎರಡು ಡಿಸ್‌ಪ್ಲೇಪೋರ್ಟ್, ಒಂದು ಎಚ್‌ಡಿಎಂಐ. 5060 ಟಿಐಯಲ್ಲಿ ಮೂರು ಡಿಸ್‌ಪ್ಲೇಪೋರ್ಟ್, ಒಂದು ಎಚ್‌ಡಿಎಂಐ. ಕಡಿಮೆ ಬೆಲೆಯ ಎಷ್ಟೋ ಮಾನಿಟರ್‌ಗಳ ಎಚ್‌ಡಿಎಂಐ ಹಳೆಯ 1.4 ಆಗಿರುತ್ತದೆ. ಅಂಥ ಮಾನಿಟರ್‌ಗಳಲ್ಲಿ ಅದು 1080ಪಿಯಲ್ಲಿ ಹೆಚ್ಚಾಗಿ 120 ಹರ್ಟ್ಜ್‌ಗೇ ನಿಲ್ಲುತ್ತದೆ. ಮೂರನ್ನೂ ಒಂದೇ ಪರದೆಯಾಗಿ ಸೇರಿಸಲು ಮೂರೂ ಒಂದೇ ವೇಗದಲ್ಲಿ ಓಡಬೇಕು, ಆಗ ಉಳಿದೆರಡನ್ನೂ ಇಳಿಸಬೇಕಾಗುತ್ತದೆ. ಮೂರೂ ಡಿಸ್‌ಪ್ಲೇಪೋರ್ಟ್‌ನಲ್ಲಿದ್ದರೆ ಈ ತಲೆನೋವಿಲ್ಲ. ಮುಂದೆ ಗೇರ್, ಟೈರ್ ಬಿಸಿ ತೋರಿಸುವ ಪುಟ್ಟ ನಾಲ್ಕನೇ ಪರದೆ ಬೇಕೆನಿಸಿದರೆ ಒಂದು ಪೋರ್ಟ್ ಉಳಿದಿರುತ್ತದೆ. ನಿಮ್ಮ ಮಾನಿಟರ್‌ನ ಎಚ್‌ಡಿಎಂಐ 2.0 ಆಗಿದ್ದು, ಎಎಂಡಿ ಕಾರ್ಡ್ ಚೆನ್ನಾಗಿ ಅಗ್ಗಕ್ಕೆ ಸಿಕ್ಕರೆ ಅದನ್ನೇ ತಗೊಳ್ಳಿ.

ಪ್ರಶ್ನೆ (ಮೈಸೂರಿನಿಂದ): ಅಣ್ಣಾ, ನಂದು ಬೇರೆ ಥರ. ಗೇಮ್ ನಡುವಿನ ಪರದೆಯಲ್ಲಿ ಮಾತ್ರ. ಪಕ್ಕದ ಎರಡರಲ್ಲಿ ಡಿಸ್ಕಾರ್ಡ್, ಯೂಟ್ಯೂಬ್. ನನಗೂ ದೊಡ್ಡ ಕಾರ್ಡ್ ಬೇಕಾ?

ಉತ್ತರ: ಬೇಡಪ್ಪ. ಗೇಮ್ ಓಡುವ ಒಂದು ಪರದೆಗೆ ಸಾಕಾಗುವ ಕಾರ್ಡ್ ತಗೋ. ಡಿಸ್ಕಾರ್ಡ್, ಯೂಟ್ಯೂಬ್ ತಿನ್ನುವುದು ಅತಿ ಕಡಿಮೆ. ಒಂದು ಮಾತ್ರ ಗಮನಿಸು. ಒಂದು ಪರದೆ 165, ಇನ್ನೊಂದು 60 ಹರ್ಟ್ಜ್ ಹೀಗೆ ಬೇರೆ ಬೇರೆ ಇದ್ದರೆ ಕೆಲವು ಕಾರ್ಡ್‌ಗಳ ಮೆಮೊರಿ ಸುಮ್ನೆ ಕೂತಾಗಲೂ ಪೂರ್ತಿ ವೇಗದಲ್ಲೇ ಓಡುತ್ತಿರುತ್ತದೆ. ಕರೆಂಟು ಜಾಸ್ತಿ, ಬಿಸಿಯೂ ಜಾಸ್ತಿ. 165 ಇರುವುದನ್ನು 120ಕ್ಕೆ ಇಳಿಸಿ ನೋಡು, ಎಷ್ಟೋ ಸಲ ಸರಿಹೋಗುತ್ತದೆ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಪಕ್ಕದ ಪರದೆಗಳನ್ನು ಮದರ್‌ಬೋರ್ಡ್‌ನ ಪೋರ್ಟ್‌ಗೂ ಹಾಕಬಹುದು. ಇಂಟೆಲ್‌ನ ಎಫ್ ಮಾದರಿಗಳಲ್ಲಿ, ರೈಜೆನ್ 5 5600ನಲ್ಲಿ ಅದಿಲ್ಲ.

ಪ್ರಶ್ನೆ (ಮಂಗಳೂರಿನಿಂದ): ಸರ್, ಮೂರರ ಬದಲು 49 ಇಂಚಿನ ಒಂದೇ ಉದ್ದ ಪರದೆ ತಗೊಂಡರೆ ಕಾರ್ಡ್‌ಗೆ ಹಗುರವಾ?

ಉತ್ತರ: ಇಲ್ಲ. 5120×1440ರ ಪರದೆಯಾದರೆ ಸುಮಾರು 74 ಲಕ್ಷ ಪಿಕ್ಸೆಲ್, ಮೂರು 1080ಪಿಗಿಂತ ಜಾಸ್ತಿ. ನಡುವೆ ಅಂಚು ಕಾಣುವುದಿಲ್ಲ, ಒಂದೇ ಕೇಬಲ್, ಹೊಂದಿಸುವುದು ಸುಲಭ. ಆದರೆ ರೇಸಿಂಗ್‌ಗೆ ನನ್ನ ಓಟು ಮೂರು ಪರದೆಗೇ. ಪಕ್ಕದವನ್ನು ಓರೆಯಾಗಿ ಇಟ್ಟರೆ ಭುಜದ ಪಕ್ಕದವರೆಗೂ ಕಾಣುತ್ತದೆ. ಆ ನೋಟ ಉದ್ದ ಪರದೆಯಲ್ಲಿ ಸಿಗುವುದಿಲ್ಲ.

ಪ್ರಶ್ನೆ (ಹುಬ್ಬಳ್ಳಿಯವರೇ ಮತ್ತೆ): ತುಂಬಾ ಥ್ಯಾಂಕ್ಸ್ ಸರ್. ನಮ್ಮ ಕಡೆ ಕರೆಂಟು ಆಗಾಗ ಹೋಗುತ್ತೆ. 600 ವಿಎ ಯುಪಿಎಸ್ ಇದೆ, ನಡೆಯುತ್ತಾ? ಇನ್ನೊಂದು, ಕಾರ್ಡ್‌ನ ಎಚ್‌ಡಿಎಂಐಯಿಂದ ಮಾನಿಟರ್‌ನ ಡಿಸ್‌ಪ್ಲೇಪೋರ್ಟ್‌ಗೆ ಅಗ್ಗದ ಕೇಬಲ್ ಸಿಗುತ್ತಲ್ಲ, ಹಾಕಬಹುದಾ?

ಉತ್ತರ: 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್. ಕಾರ್ಡ್ ಒಂದೇ 180 ವಾಟ್ ಕೇಳುತ್ತದೆ. ಪ್ರೊಸೆಸರ್, ಬೋರ್ಡ್, ಮೂರು ಮಾನಿಟರ್ ಸೇರಿದರೆ ಅದು ದಾಟಿಹೋಗುತ್ತದೆ. ಆಟದ ಮಧ್ಯೆ ಕರೆಂಟು ಹೋದರೆ ಯುಪಿಎಸ್ ಕೂಡ ಅಲ್ಲೇ ಕೈಕೊಡುತ್ತದೆ. 1100 ವಿಎ ತಗೊಳ್ಳಿ. ಪಿಸಿಯೊಳಗಿನ ಪವರ್ ಸಪ್ಲೈ 600 ವಾಟ್‌ಗೆ ಕಡಿಮೆ ಬೇಡ.

ಆ ಕೇಬಲ್ ಬೇಡ. ಅಗ್ಗದ ಕೇಬಲ್‌ಗಳು ಕಾರ್ಡ್‌ನ ಡಿಸ್‌ಪ್ಲೇಪೋರ್ಟ್‌ನಿಂದ ಮಾನಿಟರ್‌ನ ಎಚ್‌ಡಿಎಂಐಗೆ ಮಾತ್ರ ಕೆಲಸ ಮಾಡುತ್ತವೆ. ಉಲ್ಟಾ ಹಾಕಿದರೆ ಪರದೆ ಕಪ್ಪಾಗೇ ಇರುತ್ತದೆ. ಅದಕ್ಕೆ ಯುಎಸ್‌ಬಿಯಿಂದ ಕರೆಂಟು ತಗೊಳ್ಳುವ ಬೇರೆ ಅಡಾಪ್ಟರ್ ಬರುತ್ತದೆ. ನಿಮಗೆ ಮೂರು ಡಿಸ್‌ಪ್ಲೇಪೋರ್ಟ್ ಕೇಬಲ್ ಸಾಕು. ಮಾನಿಟರ್ ಡಬ್ಬಿಯಲ್ಲಿ ಎಚ್‌ಡಿಎಂಐ ಮಾತ್ರ ಕೊಟ್ಟಿರುವುದೂ ಉಂಟು, ಅಂಗಡಿಯಲ್ಲೇ ತೆಗೆಸಿ ನೋಡಿ ತನ್ನಿ.